ದೀಕ್ಷಾ ಹಾಕಿದ ಚಿಲಕ

ಆಯಿ,

ಇವತ್ತು ಅಂಗನವಾಡಿಯಲ್ಲಿ ಮಕ್ಕಳಿಗೆ ಆಗಸ್ಟ್ ಹದಿನೈದರ ನಾಟಕ ಕಲಿಸುತ್ತಿದ್ದೆ. ಕಡಲ ಬಳಚಿನ ಚಿಪ್ಪಿನಲ್ಲಿ ಉಪ್ಪು ಬಾಚುವವರು ಸತ್ಯಾಗ್ರಹಿಗಳು. ತೆಂಗಿನ ಗರಿಯ ದಂಟು ಹಿಡಿದ ದೀಕ್ಷಾ ಬ್ರಿಟಿಷ್ ಪೊಲೀಸ್. "ಸುಮ್ನೆ ಹೊಡ್ದಂಗೆ ಮಾಡು," ಅಂದಿದ್ದೆ.

ಅವಳು ಮೊದಲು ಬಾಗಿಲು ಮುಚ್ಚಿದಳು. ಸ್ಟೂಲ್ ಹತ್ತಿ ಚಿಲಕ ಹಾಕಿದಳು. ಆಟವೆಂದು ನಾನು ನಗುತ್ತಿದ್ದೆ. ಇಳಿದು ಬಂದವಳೇ ಉಪ್ಪು ಬಾಚುತ್ತಿದ್ದ ತೇಜಸ್‌ನ ಕೂದಲು ಹಿಡಿದು ನೆಲಕ್ಕೆ ಕೆಡವಿ ಬಾರಿಸಿದಳು. ದಂಟು ಮುರಿದ ಮೇಲೆ ಮುಖಕ್ಕೆ ಒದ್ದಳು. ಅವನ ತುಟಿ ಒಡೆದು ಚಿಪ್ಪಿನ ಉಪ್ಪು ಕೆಂಪಾಯಿತು.

ಅವಳನ್ನು ಎಳೆದು ಹಿಡಿದು ಕೇಳಿದೆ, "ಬಾಗ್ಲು ಎಂತಕ್ಕೆ ಹಾಕ್ದೆ?"

"ಅಪ್ಪ ಆಯಿಗೆ ಹೊಡಿವಾಗ ಹೀಂಗೇ ಹಾಕೂದು ಅಕ್ಕೋರೇ. ಇಲ್ಲಂದ್ರೆ ಆಚೆಮನೆಯವ್ರಿಗೆ ಕೇಳ್ತದೆ."

ಸಂಜೆ ಅವಳ ತಾಯಿ ಬಂದಳು, ಸೆರಗನ್ನು ಕುತ್ತಿಗೆಯವರೆಗೆ ಸುತ್ತಿಕೊಂಡು, ನಿನ್ನ ಹಾಗೆಯೇ. ತಾಯಿ ಮಗಳಿಬ್ಬರನ್ನೂ ಅವರ ಮನೆಗೆ ಕಳಿಸಲಿಲ್ಲ. ನನ್ನ ಜೊತೆ ನಮ್ಮ ಮನೆಗೆ ಕರೆದುಕೊಂಡು ಬಂದೆ.

ನೀನು ಸತ್ತ ಮೇಲೂ ನಿನ್ನ ಕೋಣೆಯ ಚಿಲಕ ಹಾಗೇ ಇತ್ತಲ್ಲ, ಅಪ್ಪ ಹಾಕುತ್ತಿದ್ದದ್ದು. ಅದನ್ನು ಕತ್ತಿಯಿಂದ ಮೀಟಿ ಕಿತ್ತೆ. ಮರವೂ ಸೀಳಿ ಬಂತು.

"ಎಂತ ಮಾಡ್ತಿದ್ಯೇ ಅಲ್ಲಿ?" ಎಂದು ಅಪ್ಪ ಜಗಲಿಯಿಂದ ಕೂಗಿದ. ಇನ್ನೂ ಕೂಗುತ್ತಲೇ ಇದ್ದಾನೆ.

ಕತ್ತಿಯನ್ನು ನಾನಿನ್ನೂ ಕೆಳಗಿಟ್ಟಿಲ್ಲ, ಆಯಿ.