ಕಾಲು ಮುಂದಾಗಿ ಹುಟ್ಟಿದವಳು

ಕುಲಗೋಡ
೧೪ ನವೆಂಬರ್ ೨೦೨೪

ತಂಗಿ ರಾಜೇಶ್ವರಿಗೆ ಅಕ್ಕ ಗೌರವ್ವನ ಪ್ರೀತಿಯ ಆಶೀರ್ವಾದ.

ನೀನು ಹುಕ್ಕೇರಿಯಿಂದ ಎರಡು ಸಲ ಫೋನು ಮಾಡಿದರೂ ನಾನು ಸರಿಯಾಗಿ ಮಾತಾಡಲಿಲ್ಲ, ಸಿಟ್ಟಾಗಬೇಡ. ಸೊಸೆ ದೀಪಾ ಅಡುಗೆಮನೆಯಲ್ಲಿದ್ದರೂ ಅವಳ ಕಿವಿ ಪಡಸಾಲೆಯಲ್ಲೇ ಇರುತ್ತದೆ. ಅದಕ್ಕೇ ತಡವಾದರೂ ಈ ಕಾಗದ.

ಬರುವ ಅಮಾವಾಸ್ಯೆಗೆ ಬಂದು ಬೆನ್ನಿಗೆ ನನ್ನ ಕಾಲು ಮುಟ್ಟಿಸಿಕೊಂಡು ಹೋಗುತ್ತೇನೆ ಅಂದೆಯಲ್ಲ, ಬರಬೇಡ. ನನ್ನಂತೆ ಕಾಲು ಮುಂದಾಗಿ ಹುಟ್ಟಿದವಳು ಕಾಲಿಟ್ಟರೆ ಹಿಡಿದ ಬೆನ್ನು ಬಿಡುತ್ತದೆಂದು ಊರವರು ನಂಬಿದ್ದಾರೆ. ನಾನೂ ನಂಬಿದ್ದೆ. ಸುಳ್ಳೇಕೆ, ಅದರಿಂದ ಸಿಕ್ಕ ಮರ್ಯಾದೆ ನನಗೆ ರುಚಿಸಿತ್ತು. ಅಮಾವಾಸ್ಯೆ ಬಂತೆಂದರೆ ನಮ್ಮ ಕಟ್ಟೆಯ ಮೇಲೆ ಟೊಂಕ ಹಿಡಿದುಕೊಂಡವರದೇ ಸಂತೆ.

ಈ ಸಲ ನಮ್ಮ ಓಣಿಯ ಕೆಂಪವ್ವ ಬಂದು ಬೋರಲು ಮಲಗಿದಳು. ನಾನು ಎಡಗಾಲ ಮೇಲೆ ನಿಂತು ಬಲಗಾಲು ಎತ್ತಿದೆ. ಟೊಂಕದ ಕೆಳಗೆ ಚಳಕ್ಕೆಂದಿತು, ನಿಂತ ಕಾಲು ಸೋತುಹೋಯಿತು. ಬಾಗಿಲ ಚೌಕಟ್ಟು ಕೈಗೆ ಸಿಗದಿದ್ದರೆ ನನ್ನ ಇಡೀ ಭಾರ ಆ ಮುದುಕಿಯ ಬೆನ್ನೆಲುಬಿನ ಮೇಲೆ ಬೀಳುತ್ತಿತ್ತು. ಅವಳಿಗೆ ಏನೂ ಗೊತ್ತಾಗಲಿಲ್ಲ. ಹಗುರಾಯಿತೆಂದು ಹೇಳಿ ಎದ್ದು ಹೋದಳು. ನಾನು ಗೋಡೆಗೆ ಒರಗಿ ನಿಂತೇ ಇದ್ದೆ.

ಮರುದಿನ ದೀಪಾ ಗೋಕಾಕಕ್ಕೆ ಕರೆದೊಯ್ದಳು. ಎಲುಬಿನ ಡಾಕ್ಟರು ಎಕ್ಸ್‌ರೇ ನೋಡಿ, ಬೆನ್ನೆಲುಬಿನ ಬುಡ ಸೊಂಟದ ಎಲುಬಿಗೆ ಕೂಡುವ ಕೀಲು ಕೆಟ್ಟಿದೆ, ಒಂಟಿ ಕಾಲಲ್ಲಿ ನಿಂತು ನಿಂತು ಅದರ ಮೇಲೆ ಭಾರ ಹಾಕಿದ್ದೀರಿ ಎಂದರು. "ಇನ್ಮ್ಯಾಲೆ ಸೀರಿ ಒಳಗಿನ ಪರಕರಾನೂ ಕುಂತ ಹಾಕ್ಕೋರಿ. ಈ ವಯಸ್ಸಿನ್ಯಾಗ ಬಿದ್ರ ಏಳೂದು ಭಾಳ ಕಷ್ಟ ಐತಿ."

ಆ ಮಾತು ಕಿವಿಯಿಂದ ಹೋಗುತ್ತಿಲ್ಲ. ಬಚ್ಚಲಲ್ಲಿ ಹಿಡಿದುಕೊಳ್ಳಲೆಂದು ಮಗ ಈಶ್ವರ ಗೋಡೆಗೆ ಕಬ್ಬಿಣದ ಸರಳು ಕೂಡಿಸಿದ್ದಾನೆ. ಅದನ್ನು ಹಿಡಿದರೂ ಒದ್ದೆ ಕಲ್ಲು ಕಂಡರೆ ಎದೆ ಧಸಕ್ಕೆನ್ನುತ್ತದೆ. ಎರಡು ದಿನಕ್ಕೊಮ್ಮೆ ಸ್ನಾನ ಮಾಡುತ್ತಿದ್ದೇನೆ, ನಗಬೇಡ.

ನಿನ್ನ ಎಲುಬುಗಳು ಸವೆದಿವೆ ಎಂದು ನಿನ್ನ ಡಾಕ್ಟರೇ ಹೇಳಿದ್ದಾರೆ. ನಾನು ಒಲ್ಲೆನೆಂದು ಇನ್ನಾರದೋ ಕಾಲು ಹುಡುಕಿಕೊಂಡು ಹೋದೀಯೆ, ಜೋಕೆ. ಬೇಡವೆಂದದ್ದನ್ನೇ ಮಾಡುವ ಬುದ್ಧಿ ನಿನಗೆ ಚಿಕ್ಕಂದಿನಿಂದ ಇದೆ.

ಮಕ್ಕಳು ಮರಿಗಳೊಂದಿಗೆ ತಂಪಾಗಿರು. ಬಸವಣ್ಣ ನಿನ್ನನ್ನು ಕಾಯಲಿ.

ನಿನ್ನ ಅಕ್ಕ
ಗೌರವ್ವ

ತಾ.ಕ.: ದೀಪಾ ಬಾಜೂಕ್ಕೇ ಕೂತಿದ್ದಳೆಂದು ಡಾಕ್ಟರಿಗೆ ಒಂದು ಮಾತು ಹೇಳಲಿಲ್ಲ. ನನ್ನ ಎಡ ಅಂಗಾಲಿಗೆ ಈಗ ನೆಲ ತಿಳಿಯುವುದಿಲ್ಲ. ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗದೆ ನಡೆದಿರುತ್ತೇನೆ. ಅಮಾವಾಸ್ಯೆಯವರೆಗೆ ಕಾಯದೆ ಬಾ, ರಾಜೀ, ಬೆನ್ನಿಗಾಗಿ ಅಲ್ಲ, ನನ್ನನ್ನು ಮತ್ತೊಮ್ಮೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿಕ್ಕೆ. ದೀಪಾಳಿಗೆ ಹೇಳಿದರೆ ಮೊಮ್ಮಗಳನ್ನು ನನ್ನ ಕೈಗೆ ಕೊಡುವುದಿಲ್ಲವೆಂಬ ಹೆದರಿಕೆಯಿಂದ ಬಾಯಿ ಮುಚ್ಚಿಕೊಂಡಿದ್ದೆ. ನಿನ್ನೆ ಕೂಸು ಎತ್ತಿಕೋ ಎಂದು ಎರಡೂ ಕೈ ಚಾಚಿತು. ನಾನೇ ಕಾಣದವಳಂತೆ ಆ ಕಡೆ ತಿರುಗಿಬಿಟ್ಟೆ.