ಸೆನ್ಸರಿಗಾಗಿ ಒಪ್ಪತ್ತು

೮ ನವೆಂಬರ್ ೨೦೨೫, ಶನಿವಾರ. ಚಳ್ಳಕೆರೆ

ಆ ಸದ್ದು ಇನ್ನೂ ಕಿವಿಯಲ್ಲೇ ಇದೆ. ದೇವಸಮುದ್ರಕ್ಕೆ ಹೋಗಿ ಅವ್ವನ ತೋಳಿಗೆ ಸಕ್ಕರೆ ಅಳೆಯುವ ಹೊಸ ಸೆನ್ಸರ್ ಅಂಟಿಸಿ ಬಂದದ್ದು ನಿನ್ನೆಯಷ್ಟೇ. ಹಳೆಯದು ಹತ್ತಿರ ಫೋನ್ ಹಿಡಿದರೆ ಮಾತ್ರ ಸಕ್ಕರೆ ತೋರಿಸುತ್ತಿತ್ತು. ಇದು ತಾನಾಗಿಯೇ ನನ್ನ ಫೋನಿನಲ್ಲಿ ಕೂಗುತ್ತದೆ. ಇವತ್ತು ಮಧ್ಯಾಹ್ನ ಎಣ್ಣೆ ಮಿಲ್ಲಿನಲ್ಲಿದ್ದಾಗ ಕೂಗಿತು: ಸಕ್ಕರೆ ಇಳಿದಿದೆ. ಹೊಸದಲ್ಲವೇ, ಮೊದಮೊದಲು ತಪ್ಪು ತೋರಿಸುತ್ತದೆ ಅಂದುಕೊಂಡು ಸದ್ದು ಅಡಗಿಸಿದೆ.

ಅವ್ವ ಇನ್ಸುಲಿನ್ ಚುಚ್ಚಿಕೊಂಡೂ ಒಪ್ಪತ್ತು ಇದ್ದಳಂತೆ. ಬೆವರಿ ಕುಸಿದು ಕೂತವಳಿಗೆ ಪಕ್ಕದ ಮನೆಯ ಯರ್ರಮ್ಮ ಬೆಲ್ಲದ ನೀರು ಕುಡಿಸಿದಳಂತೆ.

ಸಂಜೆ ಫೋನ್ ಮಾಡಿ ಬೈದೆ, ನಾನೇ.

"ಹೊಸ ಮಿಷನ್ನು ಮೈಗೆ ಒಗ್ಗಲಿ ಅಂತ ಹನುಮಪ್ಪಗೆ ಹರಕೆ ಹೊತ್ತಿದ್ದೆ ಕಣೇ. ಅದು ಕೂಗ್ಲಿಲ್ವಾ?"

"ಇಲ್ಲವ್ವ," ಅಂದುಬಿಟ್ಟೆ.

"ಹಂಗಾದ್ರೆ ಇನ್ನೂ ಒಗ್ಗಿಲ್ಲ. ಬರೋ ಶನಿವಾರನೂ ಒಪ್ಪತ್ತು ಇರ್ತೀನಿ ಬಿಡು."