ಮಂಚಮ್ಮನ ಹಾಡಿಗೊಂದು ಮಿಕ್ಸರ್

ಮಾರ್ಚ್ 3, ಸೋಮವಾರ

ಸಕಲ ದೇವತೆಗಳ ಸಾಕ್ಷಿಯಾಗಿ ಒಪ್ಪಿಕೊಳ್ಳುತ್ತೇನೆ — ಹೆಂಡತಿ ಶಾಲೆಗೆ ಹೋದ ಹೊತ್ತು ನೋಡಿ, ಅವಳ ಲ್ಯಾಪ್‌ಟಾಪಿನ ವಿಂಡೋಸ್ ಅಳಿಸಿದ ಅಪರಾಧಿ ನಾನೇ. ಕಿಟಕಿ ಕಿತ್ತು ಲಿನಕ್ಸ್ ಕೂರಿಸಿದೆ. ಪುಕ್ಕಟೆ, ಸ್ವತಂತ್ರ, ಮತ್ತು ಮೂಕ. ಕಾಲೇಜಿನಲ್ಲಿ ಧ್ವನಿ ಸಿದ್ಧಾಂತ ಪಾಠ ಮಾಡುವವನ ಮನೆಯಲ್ಲಿ ಧ್ವನಿಯೇ ಇಲ್ಲ. ಥೂ.

ಪ್ರೇಮಲೀಲಾ ಬಂದು ನೋಡಿ ಅಂದದ್ದು ಇಷ್ಟೇ. "ಗುರುವಾರದೊಳಗೆ ಸರಿ ಮಾಡ್ರೀ. ಶುಕ್ರವಾರ ಮಂಚಮ್ಮನ ಗಂಟಲು ಆಪರೇಷನ್ನು."

ಮಂಚಮ್ಮ ನಮ್ಮ ಹಿಂದಿನ ಬೀದಿಯವರು. ಈ ಹೂಟಗಳ್ಳಿ ಬಡಾವಣೆ ಇನ್ನೂ ಹಳ್ಳಿಯಾಗಿದ್ದಾಗ ರಾಗಿ ಬೀಸುತ್ತ ಹಾಡಿದವರು. ಆಪರೇಷನ್ ಆದಮೇಲೆ ದನಿ ಉಳಿಯುವುದು ಅನುಮಾನವಂತೆ. ಅಷ್ಟರೊಳಗೆ ಹಾಡುಗಳನ್ನು ರೆಕಾರ್ಡ್ ಮಾಡಿಕೊಡುತ್ತೇನೆಂದು ಒಪ್ಪಿಕೊಂಡವನೂ ನಾನೇ.

ಮಾರ್ಚ್ 4, ಸಂಜೆ 6

ಅಲ್ಸಾಮಿಕ್ಸರ್ — ಲಿನಕ್ಸಿನಲ್ಲಿ ದನಿ ಏರಿಸಿ ಇಳಿಸುವ ಪ್ರೋಗ್ರಾಮು. ಕಪ್ಪು ಪರದೆ, ಸಾಲಾಗಿ ಕಂಬಗಳು — ಮಾಸ್ಟರ್, ಮೈಕ್, ಬೂಸ್ಟ್, ಕ್ಯಾಪ್ಚರ್. ಮೌಸ್‌ಗೆ ಬೆಲೆಯಿಲ್ಲ. ಬಾಣದ ಕೀಲಿ ಒತ್ತಿ ಒತ್ತಿ ಬೆರಳು ಸವೆಯಿತು. ಅಡುಗೆಮನೆಯ ಮಿಕ್ಸರ್‌ಗೆ ಮೂರೇ ಸ್ಪೀಡು. ಇದು ನನ್ನ ತಲೆಯನ್ನೇ ಚಟ್ನಿ ಮಾಡಿತು. ಬೂಸ್ಟ್ ಏರಿಸಿದರೆ ಜೇನುಗೂಡು, ಇಳಿಸಿದರೆ ಸ್ಮಶಾನ. ಅಸಹ್ಯ.

ಮೂರು ಗಂಟೆ ಒದ್ದಾಡಿದ ಮೇಲೆ, ನಾನು ಅಂದ "ಹಲೋ" ಹಲೋ ಅಂತಲೇ ವಾಪಸ್ ಬಂತು. ಗೆದ್ದೆ.

ಮಾರ್ಚ್ 6, ಗುರುವಾರ

ಲ್ಯಾಪ್‌ಟಾಪ್ ಹೊತ್ತು ಮಂಚಮ್ಮನ ಮನೆಗೇ ಹೋದೆವು. ಬೀಸುವ ಕಲ್ಲಿನ ಗರಗರ ಮೈಕಿಗೆ ಬೀಳುತ್ತೆ, ಸುಮ್ಮನೆ ಕೂತು ಹಾಡಿ ಅಂದೆ.

"ಕಲ್ಲು ತಿರುಗ್ದೆ ಹಾಡು ಎಂಗ್ ಬಂದದು ಮೇಷ್ಟ್ರೇ? ನಿಮ್ ಡಬ್ಬಕ್ಕೇ ಬುದ್ಧಿ ಹೇಳಿ."

ಕಲ್ಲು ತಿರುಗಿತು. ಹನ್ನೊಂದು ಹಾಡು. ರೆಕಾರ್ಡಿಂಗ್ ನಡುವೆ ನಿಲ್ಲಿಸಲಿಲ್ಲ. ಆದರೆ ಮಿಕ್ಸರಿನಲ್ಲಿ ಕ್ಯಾಪ್ಚರ್ ಅನ್ನುವುದು ಕೆಂಪಕ್ಷರದಲ್ಲಿ ಹೊಳೆಯುತ್ತಿತ್ತು. ಹದಿನೆಂಟು ವರ್ಷ ಉತ್ತರಪತ್ರಿಕೆ ತಿದ್ದಿದವನು — ಕೆಂಪು ಕಂಡರೆ ತಪ್ಪು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಪ್ರತಿ ಹಾಡಿಗೂ ಮುಂಚೆ ಸ್ಪೇಸ್ ಬಾರ್ ಒತ್ತಿ ಅದನ್ನು ಅಳಿಸಿದೆ. ಹಾಡು ಮುಗಿದೊಡನೆ ಮತ್ತೆ ಒತ್ತಿದೆ. ಕೆಂಪು ಬಂತು — ಅಂದರೆ ವಿರಾಮ, ಅಂದುಕೊಂಡೆ.

ಕೊನೆಯ ಹಾಡಿಗೆ ಪ್ರೇಮಲೀಲಾ ಅತ್ತೇಬಿಟ್ಟಳು. "ಇನ್ನು ನೂರು ವರ್ಷ ನಿಮ್ಮ ದನಿಗೆ ಸಾವಿಲ್ಲಮ್ಮ" ಅಂದೆ.

"ನೂರ್ ವರ್ಸ ಕೇಳೋರ್ಗೆ ಬೇಜಾರಾಗ್ಬುಡ್ತದೆ ಕಣಪ್ಪ" ಅಂದು ನಕ್ಕರು ಮಂಚಮ್ಮ.

ಮಾರ್ಚ್ 10, ಸೋಮವಾರ, ಸಂಜೆ

ಆಪರೇಷನ್ ಆಯಿತು, ಮಂಚಮ್ಮನ ಜೀವಕ್ಕೆ ಅಪಾಯವಿಲ್ಲ. ದನಿ ಹೋಯಿತು. ಈಗ ಕೈಸನ್ನೆಯೇ ಮಾತು. ಮಗಳು ವಾಣಿ ಆಸ್ಪತ್ರೆಯಿಂದ ಫೋನ್ ಮಾಡಿದಳು. "ಅವ್ವ ಕಿವಿ ಮುಟ್ಟಿ ಮುಟ್ಟಿ ತೋರುಸ್ತಾರೆ ಸಾರ್. ಹಾಡು ಕೇಳ್ಬೇಕಂತೆ. ಇವತ್ತೇ ತತ್ತೀರಾ?"

ಓಹೋ, ಧಾರಾಳವಾಗಿ ಅಂದೆ. ಫೋನಿಟ್ಟ ಮೇಲೆ ಮೊದಲ ಸಲ ಫೈಲ್ ಹಾಕಿ ಕೇಳಿದೆ.

ಕೆಂಪಕ್ಷರವೆಂದರೆ ಮೈಕ್ ತೆರೆದಿದೆ ಅಂತ. ಹಾಡು ಶುರುವಾಗುವಾಗ ಮುಚ್ಚಿದ್ದೇನೆ, ಮುಗಿದಾಗ ತೆರೆದಿದ್ದೇನೆ. ಹನ್ನೊಂದು ಸಲ. ಹಾಡೆಲ್ಲ ಮೌನ. ನಡುವೆ ಸ್ಫಟಿಕದ ಹಾಗೆ ಸ್ವಚ್ಛವಾಗಿ ಕೇಳುವುದು ನಾನು — ಮಿಕ್ಸರ್ ಪಳಗಿಸಿದ ಬಗೆ ಕುರಿತು ನನ್ನ ಉಪನ್ಯಾಸ, ನನ್ನ ಶ್ಲೇಷೆ, ಅದಕ್ಕೆ ನನ್ನದೇ ನಗು. ಕೇಳಲಾಗಲಿಲ್ಲ. ಮಂಚಮ್ಮನದು ಅಂತ ಬಿಡಿಸಿ ತೆಗೆಯಬಹುದಾದದ್ದು ಎರಡು ಮೂರು ಚೂರು. "ಒಸಿ ನೀರ್ ಕೊಡವ್ವ" ಅಂತ ಒಂದು.

ಪ್ರೇಮಲೀಲಾ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ. "ಹೊರಡೋಣ್ವೇನ್ರೀ? ಪಾಪ, ಕಾಯ್ತಿರ್ತಾರೆ."

ಅವಳಿಗೂ ಇನ್ನೂ ಹೇಳಿಲ್ಲ—